ಒಂಬತ್ತು ಮುಳ್ಳಿನ ಬಾಯಿ

ಚುಕ್ಕಾಣಿ ಕೋಣೆಯಲ್ಲಿ ಹಳೆ ರೇಡಿಯೋ ಕಿತ್ತ ಜಾಗ:
ಅಗಲ ಇಪ್ಪತ್ತೆರಡು ಸೆಂಟಿಮೀಟರು, ಆಳ ಇಪ್ಪತ್ತು,
ಎತ್ತರ ಏಳೂವರೆ. ಮೂರು ಸಲ ಅಳೆದೆ,
ಅಳೆದಿದ್ದಕ್ಕೇನೂ ಬೆಳೆಯಲಿಲ್ಲ.
ಎಡಕ್ಕೆ ನಕ್ಷೆಗಳ ಡ್ರಾಯರು, ಬಲಕ್ಕೆ ಕಾಫಿ ಫ್ಲಾಸ್ಕಿನ ಗೂಡು.
ಫ್ಲಾಸ್ಕು ಸರಿಸುವ ಮಾತೇ ಇಲ್ಲ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಸರಕುದೋಣಿಯಲ್ಲಿ ಮಲಗಿದವರಲ್ಲ.
ಇಲ್ಲಿ ಮೊದಲು ಕಾಲು ಮಡಿಸು,
ಆಮೇಲೆ ನೋಡು, ಹಾಸಿಗೆ ಉಂಟೋ ಇಲ್ಲವೋ.

ರುರೋರ್ಟ್ ಬಂದರಿನಲ್ಲಿ ಕಲ್ಲಿದ್ದಲು ಇಳಿಯಲು ಎರಡು ದಿನ.
ತಂಗಿಯ ಮಗ ಯೋರಿಟ್‌ನನ್ನು ಕರಕೊಂಡು
ಟ್ರಾಮು ಹತ್ತಿ ಎರ್ಗೂನನ ಅಂಗಡಿಗೆ ಹೋದೆ.
ಹದಿನೇಳಕ್ಕೆ ಹದಿನೇಳರ ಹಲಗೆ,
ನನ್ನ ಗೇಣಿಗೆ ಎರಡು ಬೆರಳು ಕಮ್ಮಿ.
ಮದರ್‌ಬೋರ್ಡು ಅನ್ನುವುದು ಸುಮ್ಮನೆ ಅಲ್ಲ,
ಮಕ್ಕಳೆಲ್ಲ ಮೈಮೇಲೇ,
ಕೆಳಗಿಳಿಸಲು ತಾವಿಲ್ಲ.

ಎರಡು ಪೆಟ್ಟಿಗೆ ತೆರೆದ ಎರ್ಗೂನ್.
ಮೊದಲನೆಯದು ಕಪ್ಪಗೆ ಮಿರಮಿರ,
ಅಂಚಿಗೆ ಬಣ್ಣದ ದೀಪ, ಬೆನ್ನಿಗೊಂದು ಪುಟಾಣಿ ಫ್ಯಾನು,
ವೈಫೈಗೆ ಎರಡು ಕೊಂಬು.
ಯೋರಿಟ್‌ನ ಕಣ್ಣು ಆ ಉದ್ದನೆಯ ಸ್ಲಾಟಿನ ಮೇಲೆ.
"ದೊಡ್ಡಮ್ಮಾ, ಗ್ರಾಫಿಕ್ಸ್ ಕಾರ್ಡು ಹಾಕಬಹುದು ಇದರಲ್ಲಿ."
"ಹಾಕಬಹುದು. ಹಾಕಿ ನೀನೆಲ್ಲಿ ಮಲಗುತ್ತೀ?"

ಎರಡನೆಯದಕ್ಕೆ ಒಪ್ಪ ಓರಣವಿಲ್ಲ.
ಕಾರ್ಖಾನೆಯ ಯಂತ್ರಗಳಿಗೆಂದು ಮಾಡಿದ್ದು,
ಮೂರು ವರ್ಷ ಕಪಾಟಿನ ಹಿಂದೆ ಕೂತಿದ್ದು.
ಒಂಬತ್ತರಿಂದ ಮೂವತ್ತಾರು ವೋಲ್ಟ್, ಯಾವುದು ಬಡಿಸಿದರೂ ಉಣ್ಣುತ್ತದೆ,
ದೋಣಿಯ ಬ್ಯಾಟರಿಗೆ ತಕ್ಕ ಹೊಟ್ಟೆ.
ವೇಗ ಮೊದಲನೆಯದರ ಅರ್ಧವೂ ಇಲ್ಲ,
ಬೆಲೆ ಮಾತ್ರ ಮೂವತ್ತು ಯೂರೋ ಜಾಸ್ತಿ.
ತಿರುಗಿಸಿ ನೋಡಿದೆ. ಹಿಂಬದಿಯಲ್ಲಿ
ಒಂಬತ್ತು ಮುಳ್ಳಿನ ಬಾಯಿ,
ಅಕ್ಕಪಕ್ಕ ತಿರುಪಿಗೆ ಎರಡು ಕಿವಿ.
"ಸೀರಿಯಲ್ ಪೋರ್ಟು," ಅಂದ ಎರ್ಗೂನ್,
ಕ್ಷಮೆ ಕೇಳುವವನ ದನಿಯಲ್ಲಿ, "ಈಗ ಯಾರಿಗೆ ಬೇಕು?"

ದೋಣಿಯ ತಳದಲ್ಲಿ ಒಂದು ಆಳಮಾಪಕ ಇದೆ.
ನಾನು ಕೊಂಡಾಗಲೇ ಅದು ಮುದಿ.
ಆ ಒಂಬತ್ತರ ಭಾಷೆ ಬಿಟ್ಟು ಬೇರೊಂದು ಕಲಿಯಲಿಲ್ಲ,
ಕಲಿಸಲು ನನಗೂ ಮನಸ್ಸಾಗಲಿಲ್ಲ.
"ಎಂಟು ಯೂರೋಗೆ ಯುಎಸ್‌ಬಿ ಅಡಾಪ್ಟರು ಸಿಗುತ್ತೆ,"
ಯೋರಿಟ್ ಅಂದ. ಗೊತ್ತು. ಇತ್ತು ನನ್ನ ಹತ್ತಿರ.

ಕಾಉಬ್ ಊರಿನ ಕೆಳಗೆ, ಆ ಒಣ ಸೆಪ್ಟೆಂಬರಿನಲ್ಲಿ
ರೈನ್ ನದಿ ತನ್ನ ಎಲುಬು ತೋರಿಸುತ್ತಿತ್ತು.
ಪರದೆಯ ಮೇಲೆ ಒಂದು ಪಾಯಿಂಟ್ ಒಂಬತ್ತು ಮೀಟರು.
ಹತ್ತು ನಿಮಿಷ ಬಿಟ್ಟು ನೋಡಿದರೂ ಅಷ್ಟೇ.
ಸಮಾಧಾನವಾಗಿ ಕಾಫಿ ಬಗ್ಗಿಸಿಕೊಂಡೆ.
ಎಂಜಿನ್ನಿನ ನಡುಕಕ್ಕೆ ಅಡಾಪ್ಟರು
ಕೂದಲೆಳೆಯಷ್ಟು ಸಡಿಲಾಗಿತ್ತು,
ಅಂಕಿ ಸತ್ತಿತ್ತು, ಸತ್ತದ್ದು ಹೇಳಿರಲಿಲ್ಲ.
ಆಮೇಲೆ ಜಲ್ಲಿಕಲ್ಲು ತಳವನ್ನು ಕೆರೆದ ಸದ್ದು.
ಇವತ್ತಿಗೂ ಯಾರಾದರೂ ಪಾತ್ರೆ ತಿಕ್ಕಿದರೆ
ನನ್ನ ಕೈ ಚುಕ್ಕಾಣಿ ಹುಡುಕುತ್ತದೆ.

ಇದನ್ನೆಲ್ಲ ಎರ್ಗೂನನಿಗೆ ಹೇಳಲಿಲ್ಲ.
"ತಿರುಪು ಬಿಗಿಯಬಹುದಲ್ಲ," ಅಂದೆ, ದುಡ್ಡು ಎಣಿಸಿದೆ.

ಜೋಡಿಸುವಾಗ ತಂಪುಗವಚ ಮೂರು ಮಿಲಿಮೀಟರು ಎತ್ತರ.
ಹಲಗೆ ಹೆರೆದೆವು. ಗಾಳಿಗೆ ಸಂದಿ ಬೇಕೆಂದಿತು.
ಕೊನೆಗೆ ಫ್ಲಾಸ್ಕೇ ಸರಿಯಿತು. ಈಗ ಅದು ಯೋರಿಟ್‌ನ ಬಂಕಿನಲ್ಲಿ,
ತಲೆದಿಂಬಿನ ಪಕ್ಕ, ನಾನು ಕಾಫಿ ಕೇಳಿದಾಗೆಲ್ಲ
ಅವನು ಎಚ್ಚರಾಗಬೇಕು.

ನಸುಕಿಗೆ ಹೊರಟೆವು. ಖಾಲಿ ದೋಣಿ, ಹಗುರ.
ಎರಡು ಪಾಯಿಂಟ್ ಎಂಟು. ಎರಡು ಪಾಯಿಂಟ್ ಆರು.
ಮತ್ತೆ ಎಂಟು. ಮೂರು.
ಕುಣಿಯುತ್ತಿದೆ ಅಂಕಿ, ಒಂದು ಕ್ಷಣ ನೆಟ್ಟಗೆ ನಿಲ್ಲದು.
ಇಷ್ಟು ಚಂಚಲವಾದದ್ದನ್ನು
ಇಷ್ಟು ನಂಬಿದ್ದು ಇದೇ ಮೊದಲು.

ಆ ಉದ್ದನೆಯ ಸ್ಲಾಟು ಈ ಹಲಗೆಯಲ್ಲೂ ಇದೆ, ಖಾಲಿ.
ಎತ್ತರ ಏಳೂವರೆ, ಯಾವ ಕಾರ್ಡೂ ಹಿಡಿಯುವುದಿಲ್ಲ.
ಧೂಳು ಕೂರದಿರಲೆಂದು ಯೋರಿಟ್ ಟೇಪು ಅಂಟಿಸಿದ್ದಾನೆ,
ಅದರ ಮೇಲೆ ನೀಲಿ ಪೆನ್ನಿನಲ್ಲಿ ಬರೆದಿದ್ದಾನೆ:
ಕಾಯ್ದಿರಿಸಲಾಗಿದೆ.