ಬೈತಖೋಲದಲ್ಲಿ ಇಬ್ಬರು ರಾಜರು

ಬೋಟುಗಳಿಗೆ ಇನ್ನೂ ಮೂವತ್ತೆಂಟು ದಿನ ರಜೆ.
ಐಸ್ ಫ್ಯಾಕ್ಟರಿಯ ಹಿಂದಿನ ಕೋಣೆಯಲ್ಲಿ
ಮೀನಿನ ಕ್ರೇಟು ಬೋರಲು, ಮೇಲೊಂದು ಪ್ಲೈವುಡ್ಡು,
ಸುತ್ತ ಐದು ಜನ.

ಪಣಜಿಯ ಕ್ಯಾಸಿನೊ ಹಡಗಿನಲ್ಲಿ ಎಲೆ ಹಂಚುವ
ಮಾಜಾಳಿಯ ಸಾಯಿದತ್ತ ಕಲಿಸಿದ ಆಟ:
ಕೈಯಲ್ಲಿ ಎರಡೇ ಎಲೆ,
ಉಳಿದದ್ದು ಎಲ್ಲರೆದುರು, ಎಲ್ಲರದ್ದು.
ಬೆಳಚು ಅಂದರೆ ಹತ್ತು ರೂಪಾಯಿ,
ನೀಲಿಕಲ್ಲಿನ ಚಿಪ್ಪು ಅಂದರೆ ನೂರು.
ಎಷ್ಟು ತೊಳೆದರೂ
ನಮ್ಮ ದುಡ್ಡಿಗೆ ಕಾಳಿ ಹೊಳೆಯ ವಾಸನೆ.

ನನಗೆ ಬಿದ್ದದ್ದು ಇಬ್ಬರು ರಾಜರು.
ಒಬ್ಬ ಇಸ್ಪೀಟು, ಒಬ್ಬ ಆಟಿನ್.
ಎರಡು ಕಿರೀಟ ಕಂಡವು, ಸಾಕಾಯಿತು.
ಹನ್ನೊಂದು ನೀಲಿಕಲ್ಲು ಒಟ್ಟಿಗೆ ತಳ್ಳಿದೆ.
ಇಬ್ಬರು ಪ್ಯಾಕ್ ಅಂದರು.
ಇನಾಸ ಮಾತ್ರ ಒಂದೊಂದೇ ಎಣಿಸಿ ಹನ್ನೊಂದು ಇಟ್ಟ,
ಮಂಜುಗಡ್ಡೆ ಒಡೆದೊಡೆದು
ಬಿಳಿಚಿಕೊಂಡ ಬೆರಳಲ್ಲಿ.

ಸಾಯಿದತ್ತ ಮೂರು ಎಲೆ ಮಗುಚಿದ.
ಕಳಾವರ್ ಎಕ್ಕ.
ಕಳಾವರ್ ಒಂಬತ್ತು.
ಕಳಾವರ್ ಎಂಟು.
ನನ್ನ ಕೈಯಲ್ಲಿ ಔಷಧಕ್ಕೆ ಬೇಕೆಂದರೂ
ಒಂದು ಕಳಾವರ್ ಇಲ್ಲ.
ರಾಜರು ರಾಜರೇ.
ಕಣ್ಣು ಮಿಟುಕಿಸುವಷ್ಟರಲ್ಲಿ ಊರು ಬೇರೆಯವರದಾಗಿತ್ತು.

ಇನಾಸ ಚಹಾ ಊದಿದ. ಬಾಯಿಗಿಡಲಿಲ್ಲ.
ತನ್ನ ಮುಂದಿನ ರಾಶಿಯನ್ನೆಲ್ಲ ಮುಂಗೈಯಲ್ಲಿ ಒತ್ತಿ
ನಡುವಿಗೆ ತಂದ. ನಲವತ್ತು ಚಿಪ್ಪು ಇರಬಹುದು.
"ಮಿಸ್ತ್ರಿ, ನಿನ್ನ ಪಾಳಿ."

ನಾನು ಎಂಜಿನ್ನಿನವನು, ಕಿವಿಯಿಂದ ಬದುಕುವವನು.
ಗುಡುಗಿನ ಹಾಗೆ ಓಡುತ್ತಿದ್ದ ಎಂಜಿನ್ನಿಗೇ
ಎಷ್ಟು ಸಲ ಬಂದ್ ಮಾಡು ಅಂದಿಲ್ಲ?
ಕಡ್ಡಿ ಎತ್ತಿದರೆ ಎಣ್ಣೆಗೆ ಹಾಲಿನ ಬಣ್ಣ.
ಒಳಗೆಲ್ಲೋ ನೀರು ಸೇರಿದೆ,
ಸದ್ದಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ತಾಂಡೇಲರು ಬೈಯುತ್ತಾರೆ. ಬಂದ್ ಮಾಡುತ್ತಾರೆ.

ಪುಂಡಲೀಕ ತಾಂಡೇಲನೂ ಮಾಡಿದ್ದ.
ಇಗೋ, ಎದುರಿಗೇ ಕೂತಿದ್ದಾನೆ.
ಹೋದ ಸೆಪ್ಟೆಂಬರು, ಬಂಗಡೆ ಮುಗಿಬಿದ್ದ ವಾರ,
ಇವನ ಬೋಟು ನಿಲ್ಲಿಸಿ ಹೆಡ್ ಬಿಚ್ಚಿದೆ.
ಗ್ಯಾಸ್ಕೆಟ್ ಅಂಗಡಿಯಿಂದ ಈಗಷ್ಟೇ ತಂದ ಹಾಗಿತ್ತು.
ನೀರು ಇಳಿದದ್ದು ಎಣ್ಣೆ ಹೊಯ್ಯುವ ಮುಚ್ಚಳದಿಂದ,
ಬರೀ ಮಳೆ ನೀರು.
ನಾಲ್ಕು ದಿನ ಅವನು ಧಕ್ಕೆಯ ಮೇಲೆ ಕೂತು
ಬೇರೆಯವರ ಕ್ರೇಟು ಎಣಿಸಿದ.
ಒಂದು ಮಾತು ಆಡಲಿಲ್ಲ.
ಮಜೂರಿ ಪೂರ್ತಿ ಕೊಟ್ಟ.
ಅದೇ ಇನ್ನೂ ಚುಚ್ಚುವುದು.

ಇನಾಸನಲ್ಲಿ ಎಕ್ಕ ಇರಬಹುದು.
ಕಳಾವರ್ ಎರಡಿರಬಹುದು.
ಏನೂ ಇಲ್ಲದೆಯೂ ಇರಬಹುದು: ನಿನ್ನೆ
ಬರೀ ಎರಡು ಮತ್ತು ಏಳು ಹಿಡಿದು
ನಮ್ಮನ್ನೆಲ್ಲ ಎಬ್ಬಿಸಿದವನು ಇವನೇ.
ಸುಳ್ಳಾಡುವಾಗ ಇವನು ನಗುತ್ತಾನೆ. ಈಗ ನಗುತ್ತಿಲ್ಲ.
ನಗುತ್ತಾನೋ ಎಂದು ನಾನು ನೋಡುತ್ತಿರುವುದು
ಅವನಿಗೂ ಗೊತ್ತು.

ಹಾಕಿದ ಹನ್ನೊಂದು ನಡುವಿನಿಂದ ಕರೆಯುತ್ತವೆ,
ಬಾ ಮಾರಾಯ, ನಾವು ಇಲ್ಲೇ ಇದ್ದೇವೆ ಎಂದು.
ಒಂದು ನಾಝಲ್ಲಿನ ದುಡ್ಡು.
ಅವು ಇನ್ನು ನನ್ನವಲ್ಲ ಅಂದುಕೊಳ್ಳುವುದಕ್ಕೆ
ಇಷ್ಟು ಹೊತ್ತು.
ಹೊರಗೆ ಬೋಟಿಗೆ ಬೋಟು ತಾಗಿ
ನಡುವಿನ ಹಳೆ ಟಾಯರು ನರಳುತ್ತಿತ್ತು.
ಯಾರೋ ಕೆಮ್ಮಿದರು.

ಪ್ಯಾಕ್, ಅಂದೆ.
ಬೋರಲು ಸರಿಸುವಾಗ ಆಟಿನ್ ರಾಜ
ಪ್ಲೈವುಡ್ಡಿನ ಸೀಳಿಗೆ ತಾಗಿ ಮಗುಚಿ ಬಿದ್ದ.
ಮೀಸೆಯಿಲ್ಲದ ಮುಖ.
ಹಿಡಿದ ಕತ್ತಿಯನ್ನು ತನ್ನ ತಲೆಗೆ ತಾನೇ
ಚುಚ್ಚಿಕೊಂಡ ಹಾಗೆ ನಿಂತಿದ್ದಾನೆ.
ಇಷ್ಟು ವರ್ಷ ಆಡಿಯೂ ಇದನ್ನು ನೋಡಿರಲಿಲ್ಲ.

ಇನಾಸ ತನ್ನೆರಡು ಎಲೆಗಳನ್ನು
ಹಾಗೇ ಕಟ್ಟಿನೊಳಗೆ ತೂರಿಸಿದ.
"ಏನಿತ್ತು?"
"ಎಲೆ," ಅಂದ.
ಆರಿದ ಚಹಾ ಒಂದೇ ಗುಟುಕಿಗೆ ಕುಡಿದ.

ಸಾಯಿದತ್ತ ಕಲಸತೊಡಗಿದ.
ಪುಂಡಲೀಕ ಬೀಡಿಯ ಬೂದಿ ಕೊಡವಿ,
ನನ್ನನ್ನು ನೋಡದೆ,
"ಗ್ಯಾಸ್ಕೆಟ್ ಸರಿ ಇತ್ತೋ ಏನೋ, ಮಿಸ್ತ್ರಿ."

ಒಂಬತ್ತು ತಿಂಗಳಲ್ಲಿ ಅವನು ಆ ಮಾತೆತ್ತಿದ್ದು
ಇದೇ ಮೊದಲು.
ನಾನು ಒಂದು ಬೆಳಚು ಮುಂದಿಟ್ಟೆ.