ಐದನೆಯ ಸಲ

ಗ್ಯುಮ್ರಿಯ ನೆಲಮಾಳಿಗೆ. ಹೊರಗೆ ಹಿಮ.
ಮುಟ್ಟಿದರೆ ಕಂಬಿ ಅಂಗೈಯನ್ನು ಚುರುಕ್ಕೆನಿಸುತ್ತದೆ.
ಅರ್ಪೆನಿಕ್ ಬಿಳಿಪುಡಿ ತಿಕ್ಕಿಕೊಂಡು ಬಾಗಿದಳು.

ಒಂದು, ಎರಡು: ಹೂವೆತ್ತಿದ ಹಾಗೆ.
ಮೂರು ಕೊಂಚ ತಡೆದು ಮೇಲೇರಿತು.
ನಾಲ್ಕರಲ್ಲಿ ತೊಡೆ ಜರಡಿಯಂತೆ ಗಡಗಡ.
ಐದು
ಮೊಣಕಾಲಿನವರೆಗೆ ಬಂದು
ನಿಂತೇ ಹೋಯಿತು.

‘ಶಕ್ತಿ ಮುಗಿಯಿತು’ ಅಂದಳು.
ಮುದುಕ ಸೆರೊಬ್ ಒಲೆಗೆ ಸೌದೆ ಒಡ್ಡುತ್ತ,
‘ಮುಗಿದಿಲ್ಲ ಮಗಳೇ, ಮುಚ್ಚಿಟ್ಟಿದೆ.
ತಲೆ ಬರೆದ ಓಲೆ ತೊಡೆ ಮುಟ್ಟುವಷ್ಟರಲ್ಲಿ
ಅರ್ಧ ಅಕ್ಷರ ಅಳಿಸಿರುತ್ತದೆ.
ಎಳೆಯೊಳಗಿನ ಉಪ್ಪು ಸೋರಿ
ಹಿಡಿದ ಹಿಡಿತ ಸಡಿಲುತ್ತದೆ, ಒಂದೊಂದೇ.
ಆದರೂ ಮೂಳೆ ಉಳಿಯಲೆಂದು ಮೈ
ಒಂದು ಪಾವು ಬಲ ಎತ್ತಿಟ್ಟಿರುತ್ತದೆ
ನಿನಗೂ ಹೇಳದೆ.

ಭೂಮಿ ನಡುಗಿದ ಆ ಡಿಸೆಂಬರಿನಲ್ಲಿ
ನಿನ್ನಜ್ಜಿ ಆ ಪಾವನ್ನೂ ಸುರಿದಳು.
ಒಂದು ತೊಲೆ. ಅದರಡಿ ನಿನ್ನಮ್ಮ, ನಾಲ್ಕು ವರ್ಷದವಳು.
ಆಮೇಲೆ ಮೂರು ತಿಂಗಳು
ಅಜ್ಜಿಗೆ ಚಮಚ ಎತ್ತಲಾಗಲಿಲ್ಲ.
ಸೂಪು ನಾನೇ ಕುಡಿಸಿದ್ದು. ಚೆಲ್ಲುತ್ತಿತ್ತು, ಬೈಯುತ್ತಿದ್ದಳು.’

ಒಲೆಯಲ್ಲಿ ಹಸಿ ಸೌದೆ ಸುಂಯ್ ಎಂದಿತು.
ಅರ್ಪೆನಿಕ್ ನೆಲದಲ್ಲಿ ಕೂತಳು.
ತೊಡೆ ಇನ್ನೂ ತನ್ನ ಪಾಡಿಗೆ ಅದುರುತ್ತಿತ್ತು.
ದಿನಾ ಅದನ್ನು ಮೈಗಳ್ಳ ಅನ್ನುವವಳು
ಇವತ್ತು ಅದರ ಮೇಲೆ
ತನ್ನ ಕೋಟು ಹೊದಿಸಿದಳು.