ಒರಿಜಿನಲ್ ಎಷ್ಟು

ಮೈಸೂರಿನಿಂದ ರಾತ್ರಿ ಬಸ್ಸಿಗೆ ಬಂದವರು
ಚಹಾ ಬೇಡ ಅಂದರು, ಚೀಲದಿಂದ ಟಾರ್ಚು ತೆಗೆದರು,
ದಾರ ಕಟ್ಟಿದ ಪುಟ್ಟ ಅಯಸ್ಕಾಂತ ತೆಗೆದರು,
ಇಸ್ತ್ರಿ ಅಂಗಿಯಲ್ಲೇ ನೆಲಕ್ಕೆ ಬೆನ್ನು ಕೊಟ್ಟು
ಗಬ್ಬದ ದನ ನೋಡುವ ಡಾಕ್ಟರ ಹಾಗೆ
ಅದರ ಹೊಟ್ಟೆಯಡಿ ತಲೆ ಹಾಕಿದರು.
ಮೋಟೋ ಗುಜ್ಜಿ. ಐವತ್ತೆರಡರ ಹುಟ್ಟು. ಕೆಂಪು.
ಜೆಪ್ಪುವಿನ ನಮ್ಮ ಓಣಿಯ ಮಕ್ಕಳಿಗೆ ಅದು ಗುಜ್ಜೆ ಬೈಕು;
ಪಲ್ಯ ಆಯ್ತಾ ಅಂಕಲ್ ಎಂದು ಹನ್ನೊಂದು ವರ್ಷ ಕೇಳಿದ್ದಾರೆ.

“ಇದರಲ್ಲಿ ಒರಿಜಿನಲ್ ಎಷ್ಟಿದೆ?”
ಅಡಿಯಿಂದಲೇ ಕೇಳಿದರು.

ಸುಳ್ಳು ಬಾರದವನಲ್ಲ ನಾನು.
ಆದರೆ ಮೂವತ್ತೆಂಟು ವರ್ಷ ಲೇತಿನ ಮುಂದೆ ನಿಂತವನಿಗೆ ಗೊತ್ತು,
ಕೂದಲೆಳೆಯಷ್ಟು ಸುಳ್ಳೂ ಓಡುತ್ತ ಓಡುತ್ತ ಕಾದು
ಒಂದು ದಿನ ನಡುದಾರಿಯಲ್ಲಿ ಕಚ್ಚಿಕೊಳ್ಳುತ್ತದೆ.

ಹೇಳಿದೆ. ಸೀಟು ಚಪ್ಪಲಿ ರಿಪೇರಿಯ ಐತಪ್ಪಣ್ಣ ಹೊಲಿದದ್ದು,
ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರ ಕೂತು, ಎರಡು ಸಲ;
ಮೊದಲನೆಯದರ ಮೇಲೆ ಕೂತು ನನ್ನ ಹೆಂಡತಿ ನಕ್ಕಳು.
ಟ್ಯಾಂಕಿನ ಕೆಂಪು ದೋಣಿಗೆ ಬಳಿಯುವ ಪೈಂಟು,
ಉಪ್ಪುಗಾಳಿಗೆ ಬೇರೆ ಯಾವುದೂ ನಿಲ್ಲಲಿಲ್ಲ.
ಹಿಂದಿನ ಮಡ್‌ಗಾರ್ಡು ನಾನೇ ಬಡಿದದ್ದು, ಮರಳಿನ ಚೀಲದ ಮೇಲೆ.
ಆಗಾಗ ಅವರ ಬೆರಳು ಫೋನಿನಲ್ಲಿ ಏನೋ ಕಳೆಯುತ್ತಿತ್ತು.
ಐದು ಸಾವಿರ. ಮತ್ತೆ ಎಂಟು.

ಇದನ್ನು ಈ ಊರಿಗೆ ತಂದವರು ಯಾರು?
ಅದಕ್ಕೆ ಮೂರು ಉತ್ತರ ಉಂಟು, ಮೂರಕ್ಕೂ ಸಾಕ್ಷಿ ಇಲ್ಲ.
ಸಾವಿನ ಬಾವಿಯಲ್ಲಿ ಓಡಿಸುವ ಸರ್ಕಸ್ಸಿನವನು ಸಾಲಕ್ಕೆ ಬಿಟ್ಟುಹೋದ;
ಹಡಗಿನ ಕಪ್ತಾನ ಇಸ್ಪೀಟಿನಲ್ಲಿ ಸೋತ;
ಗಡ್ಡದ ಪಾದ್ರಿಯೊಬ್ಬರು ಸಾಯುವವರಿಗೆ ಕೊನೆಯ ಎಣ್ಣೆ ಹಚ್ಚಲು
ಇದರಲ್ಲೇ ಹೋಗುತ್ತಿದ್ದರು,
ಸದ್ದು ಕೇಳಿದ್ದೇ ರೋಗಿಗಳು ಎದ್ದು ಕೂರುತ್ತಿದ್ದರು.
ನನಗೆ ಸಿಕ್ಕಿದ್ದು ಮುಚ್ಚಿದ ಹಂಚಿನ ಕಾರ್ಖಾನೆಯ ಮೂಲೆಯಲ್ಲಿ,
ಒಡಕು ಹಂಚಿನಡಿ, ಟೂಲ್‌ಬಾಕ್ಸಿನಲ್ಲಿ ಇಲಿಮರಿಗಳು.

ಕೊನೆಗೆ ಕನೆಕ್ಟಿಂಗ್ ರಾಡಿನ ಬುಷ್ಷಿಗೆ ಬಂದೆವು.
ಬೇಡ ಎಂದು ಅದ್ರಾಮ ಕಣ್ಣಲ್ಲೇ ಹೇಳಿದ,
ಇಂಜಿನು ಬಿಚ್ಚದೆ ಅದು ಯಾರಿಗೂ ಕಾಣುವುದಿಲ್ಲ.
ಅದನ್ನೂ ಹೇಳಿದೆ.
ಬಂದರಿನಲ್ಲಿ ಮುರಿದ ಬೋಟಿನ ಫ್ಯಾನು ಕರಗಿಸಿ
ಇವನು ಎರಕ ಹೊಯ್ದ, ನಾನು ಕಡೆದೆ.
ಆರು ಸಲ ಕೆಟ್ಟಿತು. ಏಳನೆಯದು ಪಿನ್ನಿಗೆ
ಎಷ್ಟು ಸರಿಯಾಗಿ ಕೂತಿತೆಂದರೆ
ಇಬ್ಬರೂ ಮಾತಾಡದೆ ಹೋಗಿ ಬಂಗುಡೆ ಊಟ ಮಾಡಿ ಬಂದೆವು.

“ಹಾಗಾದರೆ ಇದು ಅರ್ಧ ಮೀನು ಹಿಡಿಯುವ ಬೋಟು”
ಅಂದರು, ನಗದೆ, ಹನ್ನೆರಡು ಸಾವಿರ ಕಳೆದು.
“ಕಾಲು ಭಾಗ ಚಪ್ಪಲಿ” ಅಂದ ಅದ್ರಾಮ.

ಸ್ಟಾರ್ಟ್ ಮಾಡಿ ಅಂದರು.
ನನ್ನ ಮಂಡಿಗೆ ಈಗ ಆ ಕಿಕ್ ಆಗುವುದಿಲ್ಲ, ಮಾರುವುದೇ ಅದಕ್ಕೆ.
ಅದೊಂದನ್ನು ಹೇಳಲಿಲ್ಲ. ಅದ್ರಾಮ ಒದ್ದ.
ಮೂರನೆಯ ಒದೆತಕ್ಕೆ ಹೊರಗಿನ ಚಕ್ರ,
ಕಡೆಯುವ ಕಲ್ಲಿನ ಹಾಗೆ ಭಾರದ್ದು,
ನಿಧಾನಕ್ಕೆ ಮನಸ್ಸು ಮಾಡಿತು.
ಒಂದು ಬಡಿತ. ಬೀಡಿ ಹಚ್ಚುವಷ್ಟು ಹೊತ್ತು.
ಇನ್ನೊಂದು ಬಡಿತ.
ಟಾರ್ಚು ಆರಿಸಲು ಮರೆತು ಅವರು ನಿಂತೇ ಇದ್ದರು.
ಆಮೇಲೆ ಕಳೆದದ್ದರಲ್ಲಿ ಅರ್ಧ ವಾಪಸು ಕೂಡಿಸಿದರು.

ತುಕ್ಕು ಹಿಡಿದ ಹಳೆ ಭಾಗಗಳ ಡಬ್ಬ ಕೇಳಿದರು, ಕೊಟ್ಟೆ.
ನಮ್ಮದನ್ನೆಲ್ಲ ತೆಗೆಸಿ ಇಟಲಿಯಿಂದಲೇ ತರಿಸಿ ಹಾಕುತ್ತಾರಂತೆ.
ಆಗಲಿ. ಬಿಲ್ಲಿನ ಹಿಂದೆ ವಿಳಾಸ ಬರೆದೆ:
ಬುಷ್ ತೆಗೆದರೆ ಎಸೆಯಬೇಡಿ,
ಅಂಚೆಗೆ ಹಾಕಿ, ಖರ್ಚು ನನ್ನದು.

ಟೆಂಪೋ ಹೋಗಿ ಒಂದು ಮಳೆಗಾಲ ದಾಟಿತು.
ಅಂಚೆಯ ಜಲಜಾಕ್ಷಿ ಸ್ಕೂಟರು ನಿಲ್ಲಿಸದೆ
ಏನೂ ಇಲ್ಲ ಎಂದು ಕೈ ಬೀಸುತ್ತಾಳೆ.
ಒಳ್ಳೆಯದಾಯಿತು ಅನ್ನುತ್ತೇನೆ, ಅವಳಿಗೆ ತಲೆಬುಡ ತಿಳಿಯುವುದಿಲ್ಲ.

ಎಣ್ಣೆ ತೊಟ್ಟಿಕ್ಕುತ್ತಿದ್ದಲ್ಲಿ ಇಟ್ಟ ಗೆರಟೆ
ಅಲ್ಲೇ ಉಂಟು. ಹೆಂಡತಿ ಗುಡಿಸುವಾಗ
ಅದನ್ನು ಎತ್ತಿ, ನೆಲ ಒರೆಸಿ,
ಮತ್ತೆ ಅಲ್ಲೇ ಇಡುತ್ತಾಳೆ.